ಆರ್ವಿಡ್ ಟೊಲೊನೆನ್‌ರ ಎಡಪಕ್ಕದ ಕುರ್ಚಿ

ಹೆಸರು ರೋವಿನಾ ಸ್ಟ್ರಾಂಡ್, ವಯಸ್ಸು ಇಪ್ಪತ್ನಾಲ್ಕು, ಉದ್ಯೋಗ ಆಲ್ಡರ್ ಫೋರ್ಕ್ ಸರ್ಕಾರಿ ಮೀನುಮರಿ ಕೇಂದ್ರದಲ್ಲಿ ಸಹಾಯಕಿ, ವಾಸ ಟ್ರೇಲರ್ ಸಂಖ್ಯೆ 6, ಮಿಲ್ ರಸ್ತೆ, ಹ್ಯಾಕೆಟ್. ಇದೇ ಕೇಂದ್ರದ ನೌಕರರ ಸಂಘಕ್ಕೆ ಪ್ರತಿನಿಧಿಯೂ ನಾನೇ. ಕೌಂಟಿ ಶೆರೀಫ್ ಕಚೇರಿಯ ಡೆಪ್ಯುಟಿ ಹ್ಯಾಡ್ಲಿಯವರು ಈ ದಿನ ಕೇಂದ್ರಕ್ಕೆ ಬಂದು ವಿಚಾರಿಸಿದ್ದರಿಂದ, ಯಾರ ಬಲವಂತವೂ ಇಲ್ಲದೆ, ನನ್ನ ಕೈಯಾರೆ ಬರೆದು ತಿಳಿಸುವ ಸಂಗತಿ ಹೀಗಿದೆ.

ಈ ಬೆಳಿಗ್ಗೆ ನಾನು ಕೇಂದ್ರದ ಕಚೇರಿಗೆ ಅತಿಕ್ರಮವಾಗಿ ನುಗ್ಗಿ, ಹೊರಗೆ ಹೋಗು ಎಂದರೂ ಹೋಗದೆ ಕುರ್ಚಿಯಲ್ಲಿ ಕುಳಿತೆ ಎಂದು ನಮ್ಮ ಮ್ಯಾನೇಜರ್ ಲೈಲ್ ಬೆಕ್‌ವಿತ್ ಅವರು ಫೋನಿನಲ್ಲಿ ದೂರು ಕೊಟ್ಟಿರುತ್ತಾರೆ. ಕುರ್ಚಿಯಲ್ಲಿ ಕುಳಿತದ್ದು ನಿಜ. ಎದ್ದು ಹೋಗದಿದ್ದದ್ದೂ ನಿಜ. ನುಗ್ಗಿದೆ ಎಂಬುದು ಸುಳ್ಳು. ಒಳಗಿದ್ದವರೊಬ್ಬರು ಕರೆದರು, ಹೋದೆ.

ಡೆಪ್ಯುಟಿ ಹ್ಯಾಡ್ಲಿಯವರು ಗೋಧಿ ಸೀಮೆಯಿಂದ ಈಚೆಗೆ ವರ್ಗವಾಗಿ ಬಂದವರು. ಇಲ್ಲಿ ನೀವೆಲ್ಲ ಏನು ಮಾಡುತ್ತೀರಿ ಎಂಬಲ್ಲಿಂದಲೇ ಬರೆ, ಕಂಡದ್ದನ್ನೆಲ್ಲ ಬರೆ, ಆಡಿದ ಮಾತನ್ನು ಆಡಿದ ಹಾಗೆಯೇ ಬರೆ ಎಂದು ಹೇಳಿದ್ದಾರೆ. ಅದರಂತೆ ಬರೆಯುತ್ತಿದ್ದೇನೆ.

ಪ್ರತಿ ಶರತ್ಕಾಲದಲ್ಲಿ ಸಾಲ್ಮನ್ ಮೀನುಗಳು ಪೆಸಿಫಿಕ್ ಸಾಗರದಿಂದ ಮೊಟ್ಟೆಯಿಡಲು ಹೊಳೆ ಹತ್ತಿ ಬರುತ್ತವೆ. ನಮ್ಮ ಅಡ್ಡಗಟ್ಟೆಯ ಬಳಿ ಅವು ಮುಂದೆ ಹೋಗಲಾರದೆ, ಮೀನಿಗೆಂದೇ ಕಟ್ಟಿದ ನೀರಿನ ಮೆಟ್ಟಿಲು ಹತ್ತಿ ನಮ್ಮ ಕೊಳಕ್ಕೆ ಬೀಳುತ್ತವೆ. ನಾವು ಮೊಟ್ಟೆ ತೆಗೆದು, ಮರಿ ಮಾಡಿ, ಉದ್ದನೆಯ ತೊಟ್ಟಿಗಳಲ್ಲಿ ಬೆಳೆಸಿ ಹೊಳೆಗೆ ಬಿಡುತ್ತೇವೆ. ಬಿಡುವ ಮುಂಚೆ ಪ್ರತಿ ಮರಿಯ ಬೆನ್ನಿನ ತುದಿಯಲ್ಲಿರುವ ಕಾಳಿನಷ್ಟು ಸಣ್ಣ ಈಜುರೆಕ್ಕೆಯನ್ನು ಕತ್ತರಿಸುತ್ತೇವೆ. ದೊಡ್ಡದಾಗಿ ಹಿಂದಿರುಗಿದಾಗ ಅದು ನಮ್ಮಲ್ಲಿ ಹುಟ್ಟಿದ್ದು ಎಂದು ಗುರುತು ಸಿಗುವುದು ಅದರಿಂದಲೇ.

ಮೊಟ್ಟೆ ತೆಗೆಯುವ ಷೆಡ್ಡಿನಲ್ಲಿ ಪಂಪುಗಳ ಸದ್ದಿಗೆ ಪಕ್ಕದವರ ಕೂಗೂ ಕೇಳಿಸುವುದಿಲ್ಲ. ಆದ್ದರಿಂದ ಕೆಲಸವೆಲ್ಲ ಕೈಸನ್ನೆಯಲ್ಲಿ. ಮುಷ್ಟಿ ಎತ್ತಿದರೆ ಮೀನು ಮೊಟ್ಟೆಗೆ ಬಲಿತಿದೆ ಎಂದು. ಅಂಗೈ ಅಡ್ಡ ಹಿಡಿದರೆ ಇನ್ನೂ ಇಲ್ಲ ಎಂದು. ಬಲಗೈಯಿಂದ ಎಡಭುಜವನ್ನು ಎರಡು ಸಲ ತಟ್ಟಿಕೊಂಡರೆ ಒಬ್ಬರ ಕೈಗೆ ಮೀರಿದ್ದು ಸಿಕ್ಕಿದೆ, ಪಕ್ಕಕ್ಕೆ ಬಂದು ನಿಲ್ಲು ಎಂದು. ಅದನ್ನು ನೋಡಿದವರು ಕೈಯಲ್ಲಿದ್ದದ್ದನ್ನು ಬಿಟ್ಟು ಹೋಗಿ ಅವರ ಎಡಕ್ಕೆ ನಿಲ್ಲಬೇಕು. ಯಾಕೆ ಎಂದು ಕೇಳುವುದಿಲ್ಲ. ಆಮೇಲೆ ಉಪಕಾರ ಹೇಳುವುದೂ ಇಲ್ಲ. ಒಮ್ಮೆ ತಟ್ಟಿಕೊಂಡವರು ಮತ್ತೆ ತಟ್ಟಿಕೊಳ್ಳುವುದಿಲ್ಲ. ಮತ್ತೆ ತಟ್ಟಿಕೊಂಡರೆ, ನೋಡಿಯೂ ಬರಲಿಲ್ಲವಲ್ಲ ಎಂದು ಎದುರಿನವರ ಮುಖಕ್ಕೆ ಹೇಳಿದ ಹಾಗೆ. ಹೊಸಬರಿಗೆ ಮೊದಲ ದಿನವೇ ಕಲಿಸುವ ಸನ್ನೆ ಇದು. ನನಗೆ ಕಲಿಸಿದವರು ಆರ್ವಿಡ್ ಟೊಲೊನೆನ್. ಅದಕ್ಕೆ ಹದಿನೈದು ವರ್ಷ ಮೊದಲು, ಆಗ ಷೆಡ್ಡಿನ ಹುಡುಗನಾಗಿದ್ದ ಲೈಲ್ ಬೆಕ್‌ವಿತ್ ಅವರಿಗೆ ಕಲಿಸಿದವರೂ ಅವರೇ.

ಆರ್ವಿಡ್ ಅವರಿಗೆ ಅರವತ್ತೊಂದು ವರ್ಷ. ಕೇಂದ್ರದ ಆವರಣದಲ್ಲೇ ಇರುವ ಸರ್ಕಾರಿ ಮನೆಯಲ್ಲಿ ಹೆಂಡತಿಯೊಂದಿಗೆ ವಾಸ. ಕೆಲಸ ಹೋದರೆ ಆ ಮನೆಯೂ ಹೋಗುತ್ತದೆ.

ಎರಡು ವಾರದ ಹಿಂದೆ, ಹೊಳೆಯಾಚೆ ಡೇರೆ ಹಾಕಿದ್ದ ಪ್ರವಾಸಿಯೊಬ್ಬರು ಒಂದು ವಿಡಿಯೊ ತೆಗೆದು ರಾಜಧಾನಿಯ ಇಲಾಖೆಗೆ ಕಳಿಸಿದರು. ಬೆಳಗಿನ ಹೊತ್ತು ಒಬ್ಬ ಮನುಷ್ಯ ನಮ್ಮ ಕೊಳದಿಂದ ಏನನ್ನೋ ರಬ್ಬರ್ ಚೀಲದಲ್ಲಿ ಎತ್ತಿಕೊಂಡು ಅಡ್ಡಗಟ್ಟೆಯ ಮೇಲ್ಭಾಗದ ಪೊದೆಗಳತ್ತ ಹೋಗುವುದು ಅದರಲ್ಲಿದೆ. ಚೀಲದಿಂದ ನೀರು ಸುರಿಯುತ್ತಿದೆ, ಬಾಲ ಕಾಣುತ್ತದೆ. ಮನುಷ್ಯ ಆರ್ವಿಡ್ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಕೌಂಟಿಯಲ್ಲಿ ಆ ಕೆಂಪು ಕಿವಿಟೋಪಿ ಹಾಕುವವರು ಬೇರೆ ಯಾರೂ ಇಲ್ಲ. ಸರ್ಕಾರಿ ಮೀನಿನ ಕಳವು ಎಂದು ಒಳತನಿಖೆ ಶುರುವಾಯಿತು. ತನಿಖಾಧಿಕಾರಿ ಮಿಸ್ ಪೆಟ್ರಾ ಲಿಂಡ್ಲೆ ಗುರುವಾರ, ಅಂದರೆ ಈ ದಿನ, ಬಂದು ಆರ್ವಿಡ್ ಅವರನ್ನು ಪ್ರಶ್ನಿಸುತ್ತಾರೆ ಎಂದು ನೋಟೀಸು ಬಂತು.

ಇಲ್ಲಿ ನಿಯಮವನ್ನು ಹೇಳಬೇಕು. ಸರ್ಕಾರಿ ನೌಕರರನ್ನು ಒಳತನಿಖೆಗೆ ಕೂರಿಸಿ ಪ್ರಶ್ನಿಸುವಾಗ, ತನ್ನ ಉತ್ತರದಿಂದ ಶಿಕ್ಷೆಯಾಗಬಹುದು ಎಂದು ನೌಕರನಿಗೆ ಅನಿಸಿದರೆ ಸಂಘದ ಪ್ರತಿನಿಧಿ ಪಕ್ಕದಲ್ಲಿರಬೇಕೆಂದು ಕೇಳಬಹುದು. ಕೇಳಿದ ಮೇಲೆ ಅಧಿಕಾರಿಗಳು ಒಪ್ಪಬೇಕು, ಇಲ್ಲವೇ ಪ್ರಶ್ನೆ ನಿಲ್ಲಿಸಬೇಕು. ಆದರೆ ನೌಕರ ತಾನೇ ಕೇಳಬೇಕು. ಅವನ ಪರವಾಗಿ ನಾನು ಕೇಳುವಂತಿಲ್ಲ. ಅಧಿಕಾರಿ ತಾನಾಗಿ ನೆನಪಿಸಬೇಕೆಂದೂ ಇಲ್ಲ. ಸಂಘದ ಕರಪತ್ರಗಳನ್ನು ನಾನು ಬಾಯಿಪಾಠವಾಗುವಷ್ಟು ಓದಿದ್ದೇನೆ. ಹೆದರಿ ಬಾಯಿ ಕಟ್ಟಿದವನಿಗೇ ಹೆಚ್ಚು ಬೇಕಾದ ಹಕ್ಕನ್ನು, ಬಾಯಿ ಬಿಟ್ಟರೆ ಮಾತ್ರ ಕೊಡುತ್ತೇವೆ ಎನ್ನುವ ಕಾನೂನನ್ನು ಬರೆದವರು ಒಂದು ದಿನವಾದರೂ ಅಧಿಕಾರಿಯ ಎದುರು ಕೂತಿದ್ದರೇ ಎಂದು ನನಗೆ ತಿಳಿಯಬೇಕಾಗಿದೆ.

ಈ ಹಂತದಲ್ಲಿ ಡೆಪ್ಯುಟಿಯವರು ಇಣುಕಿ ನೋಡಿ, ಕಾನೂನು ತಿದ್ದುವ ಅಧಿಕಾರ ಶೆರೀಫರಿಗಿಲ್ಲ, ನಡೆದದ್ದಕ್ಕೆ ಬಾ ಎಂದರು.

ನಿನ್ನೆ ಬುಧವಾರ ಮಧ್ಯಾಹ್ನ ಊಟದ ಕೋಣೆಯಲ್ಲಿ ನಾನು ಆರ್ವಿಡ್ ಅವರ ಎದುರು ಕುಳಿತೆ. ಅವರು ಹೊಗೆ ಹಾಕಿದ ಮೀನನ್ನು ಕರಿ ಬ್ರೆಡ್ಡಿನ ಮೇಲಿಟ್ಟುಕೊಂಡು ತಿನ್ನುತ್ತಿದ್ದರು.

"ನಾಳೆ ಒಳಗೆ ಹೋದ ತಕ್ಷಣ ಒಂದೇ ಮಾತು ಹೇಳಿ. ನನ್ನ ಪ್ರತಿನಿಧಿ ಬೇಕು ಅಂತ. ಅಷ್ಟೇ," ಎಂದೆ.

"ಬೇಡ ಮರಿ."

"ಯಾಕೆ ಬೇಡ?"

"ಲೈಲ್ ಕೂತಿರ್ತಾನಲ್ಲ. ಅವನಿಗೆ ಮೀನು ಹಿಡಿಯೋಕೆ ಹೇಳ್ಕೊಟ್ಟಿದ್ದೇ ನಾನು. ಅವನ ಎದುರಿಗೆ ವಕೀಲರನ್ನ ಕೂರಿಸ್ಕೊಂಡ್ರೆ ಏನಂದ್ಕೋತಾನೆ?"

"ನಾನು ವಕೀಲೆ ಅಲ್ಲ."

"ಅದು ಗೊತ್ತು. ವಕೀಲೆ ಆಗಿದ್ರೆ ದಿನಾ ಡಬ್ಬಿ ಬೀನ್ಸ್ ತಿಂತಿರ್ಲಿಲ್ಲ ನೀನು," ಎಂದು ಅವರು ಒಂದು ತುಂಡು ಮೀನನ್ನು ನನ್ನ ಊಟದ ಡಬ್ಬಿಯ ಮುಚ್ಚಳದ ಮೇಲಿಟ್ಟರು.

ಕೊಳದಿಂದ ಹೊತ್ತ ಮೀನನ್ನು ಅವರು ಏನು ಮಾಡಿದರು ಎಂದು ಕೇಳಲು ನನ್ನ ನಾಲಿಗೆ ತುದಿಗೆ ಬಂದಿತ್ತು. ಎರಡು ವಾರದಿಂದ ನನಗೆ ಅದೇ ಯೋಚನೆ. ಮಾರುವವರಾದರೆ ರಸ್ತೆಯತ್ತ ಹೋಗಬೇಕು. ಅವರು ಹೋದದ್ದು ಕಾಡಿನತ್ತ. ತಿನ್ನುವವರಾದರೆ ಚೀಲಕ್ಕೆ ನೀರು ತುಂಬಿಸಿ ಜೀವಂತ ಮೀನನ್ನು ಹೊರುವ ಕಷ್ಟ ಯಾಕೆ? ಆದರೂ ಕೇಳಲಿಲ್ಲ. ತಪ್ಪು ಮಾಡದವರ ಪಕ್ಕದಲ್ಲಿ ಮಾತ್ರ ಕೂರುತ್ತೇನೆ ಎನ್ನುವವರು ಪ್ರತಿನಿಧಿಯಾಗಬಾರದು.

ಈ ದಿನ ಬೆಳಿಗ್ಗೆ ಒಂಬತ್ತೂವರೆಗೆ ಆರ್ವಿಡ್, ಮಿಸ್ ಲಿಂಡ್ಲೆ ಮತ್ತು ಲೈಲ್ ಕಚೇರಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕಚೇರಿಗೂ ಷೆಡ್ಡಿಗೂ ನಡುವೆ ದೊಡ್ಡ ಗಾಜಿನ ಕಿಟಕಿಯಿದೆ. ನಾನು ಕಿಟಕಿಯ ಈಚೆ, ಷೆಡ್ಡಿನಲ್ಲಿ, ಬಕೆಟ್ ತೊಳೆಯುತ್ತ ನಿಂತೆ. ಅಲ್ಲಿ ನಿಲ್ಲುವುದು ನನ್ನ ಕೆಲಸದ ಜಾಗದಲ್ಲೇ ನಿಲ್ಲುವುದಾಗಿರುತ್ತದೆ. ಅದೇ ಬಕೆಟ್ಟನ್ನು ಎಷ್ಟು ಸಲ ತೊಳೆದೆ ಎಂದು ಡೆಪ್ಯುಟಿಯವರು ಕೇಳಿದರು. ಲೆಕ್ಕವಿಟ್ಟಿಲ್ಲ.

ಒಳಗಿನ ಮಾತು ನನಗೆ ಕೇಳಿಸುತ್ತಿರಲಿಲ್ಲ. ಮೇಜಿನ ಆಚೆ ಮಿಸ್ ಲಿಂಡ್ಲೆ ಮತ್ತು ಲೈಲ್, ಈಚೆ ಆರ್ವಿಡ್ ಒಬ್ಬರೇ, ಅವರ ಎಡಕ್ಕೆ ಒಂದು ಖಾಲಿ ಕುರ್ಚಿ. ಮಿಸ್ ಲಿಂಡ್ಲೆ ಏನೋ ಕೇಳಿದರು. ಆರ್ವಿಡ್ ತಲೆಯಾಡಿಸಿದರು. ಮತ್ತೆ ಕೇಳಿದರು. ಮತ್ತೆ ತಲೆಯಾಡಿಸಿದರು. ಕೇಳಿದ್ದಕ್ಕೆಲ್ಲ ಹೌದು ಹೌದು ಎನ್ನುತ್ತಿದ್ದಾರೆ ಎಂದು ತಿಳಿಯಿತು. ಸುಮಾರು ಹತ್ತು ಗಂಟೆಗೆ ಮಿಸ್ ಲಿಂಡ್ಲೆ ಒಂದು ಹಾಳೆಯನ್ನೂ ಪೆನ್ನನ್ನೂ ಅವರ ಮುಂದೆ ಸರಿಸಿದರು. ಆರ್ವಿಡ್ ಪೆನ್ನು ಎತ್ತಿಕೊಂಡರು. ಬಹಳ ಹೊತ್ತು ಹಿಡಿದುಕೊಂಡಿದ್ದು ಕೆಳಗಿಟ್ಟರು. ಆಮೇಲೆ ಲೈಲ್ ಅವರ ಮುಖ ನೋಡಿದರು, ಕಿಟಕಿಯತ್ತ ತಿರುಗಿದರು, ಬಲಗೈಯಿಂದ ಎಡಭುಜವನ್ನು ಎರಡು ಸಲ ತಟ್ಟಿಕೊಂಡರು.

ನಾನು ಬಕೆಟ್ ಬಿಟ್ಟು ಹೋದೆ. ಬಾಗಿಲಿಗೆ ಬೀಗವಿರಲಿಲ್ಲ. ಖಾಲಿ ಕುರ್ಚಿಯಲ್ಲಿ ಕುಳಿತೆ. ರಬ್ಬರ್ ಬೂಟು ಮತ್ತು ಏಪ್ರನ್ನಿನಿಂದ ನೆಲಕ್ಕೆ ನೀರು ಸುರಿದದ್ದು ನಿಜ. ಲೈಲ್ ಅವರ ಶೂ ಒದ್ದೆಯಾಗಿದ್ದರೆ ಅದು ಉದ್ದೇಶಪೂರ್ವಕವಲ್ಲ.

"ಯಾರ್ರೀ ಇವ್ರು?" ಎಂದು ಮಿಸ್ ಲಿಂಡ್ಲೆ ಕೇಳಿದರು.

ನಾನು ನೌಕರರ ಸಂಘದ ಪ್ರತಿನಿಧಿ, ಆರ್ವಿಡ್ ಟೊಲೊನೆನ್ ನನ್ನನ್ನು ಕೇಳಿಕೊಂಡಿದ್ದಾರೆ ಎಂದು ತಿಳಿಸಿದೆ.

"ಯಾವಾಗ ಕೇಳಿದ್ರು? ನಾನಿಲ್ಲೇ ಇದ್ದೀನಲ್ಲ."

"ಈಗ ತಾನೇ. ಭುಜ ತಟ್ಟಿಕೊಂಡರು."

ಮಿಸ್ ಲಿಂಡ್ಲೆ ಆರ್ವಿಡ್ ಅವರತ್ತ ತಿರುಗಿ, "ಮಿಸ್ಟರ್ ಟೊಲೊನೆನ್, ನೀವು ಇವ್ರನ್ನ ಕೇಳಿದ್ರಾ?" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ ಎಂದು ನಾನು ದಾಖಲಿಸಬೇಕು. ತಿಳಿಯಬೇಕೆಂದೇ ಕೇಳಿದಂತಿತ್ತು.

"ಲೈಲ್‌ಗೆ ಗೊತ್ತು," ಎಂದರು ಆರ್ವಿಡ್.

ಮಿಸ್ ಲಿಂಡ್ಲೆ ಲೈಲ್ ಅವರತ್ತ ನೋಡಿದರು. ಲೈಲ್ ಕೈಯಲ್ಲಿದ್ದ ಕಾಫಿ ಲೋಟವನ್ನು ಒಮ್ಮೆ ತಿರುಗಿಸಿದರು. "ನನಗೇನೂ ಗೊತ್ತಿಲ್ಲ. ಮಿಸ್ಟರ್ ಟೊಲೊನೆನ್ ಅವರಿಗೆ ಭುಜ ತುರಿಸಿರ್ಬೇಕು," ಎಂದರು.

ಲೈಲ್ ಅವರು ಆರ್ವಿಡ್ ಅವರನ್ನು ಮಿಸ್ಟರ್ ಟೊಲೊನೆನ್ ಎಂದು ಕರೆದದ್ದನ್ನು ನಾನು ಕೇಳಿದ್ದು ಇದೇ ಮೊದಲು. ಆರ್ವಿಡ್ ಮೇಜಿನ ಮೇಲೆ ಅಂಗೈಗಳನ್ನು ಊರಿಕೊಂಡು ಅವನ್ನೇ ನೋಡುತ್ತ ಕುಳಿತರು.

"ಹಾಗಾದ್ರೆ ಬಾಯಲ್ಲಿ ಹೇಳ್ಬಿಡಿ ಸರ್," ಎಂದರು ಮಿಸ್ ಲಿಂಡ್ಲೆ. "ಇವ್ರು ಬೇಕಾ, ಬೇಡ್ವಾ?"

"ಒಂದ್ಸಲ ಕೇಳಾಯ್ತು. ಎರಡನೇ ಸಲ ಕೇಳೋ ಅಭ್ಯಾಸ ನಮ್ಮಲ್ಲಿಲ್ಲ," ಎಂದರು ಆರ್ವಿಡ್.

"ಮೀನು ಕದಿಯೋ ಅಭ್ಯಾಸ ಇದೆಯಾ ನಿಮ್ಮಲ್ಲಿ?" ಎಂದರು ಲೈಲ್.



ಲೈಲ್ ನನ್ನತ್ತ ತಿರುಗಿ, "ಎದ್ದೇಳು ರೋವಿನಾ. ನಾಟಕ ಸಾಕು," ಎಂದರು.

"ಏಳಲ್ಲ."

"ಶೆರೀಫ್‌ಗೆ ಫೋನ್ ಮಾಡ್ತೀನಿ."

"ಮಾಡಿ. ಬರೋವಾಗ ಡೋನಟ್ ತರೋಕೆ ಹೇಳಿ." ಪೊಲೀಸರು ಡೋನಟ್ ತಿನ್ನುತ್ತ ಕೂರುತ್ತಾರೆ ಎಂಬ ಈ ಹಳೆಯ ಗೇಲಿಯನ್ನು ಆಡಬಾರದಿತ್ತು ಎಂದು ಈಗ ಅನಿಸುತ್ತದೆ. ಆಡಿದ್ದನ್ನು ಆಡಿದ ಹಾಗೆ ಬರೆಯಲು ಹೇಳಿದ್ದರಿಂದ ಬರೆದಿದ್ದೇನೆ.

"ಹೋಗ್ಬಿಡು ಮರಿ, ನಿನ್ನ ಕೆಲ್ಸಕ್ಕೂ ಕುತ್ತು ಬರುತ್ತೆ," ಎಂದು ಆರ್ವಿಡ್ ಮೆಲ್ಲಗೆ ಹೇಳಿದರು.

"ತಟ್ಟಿದ್ದು ಹೌದೋ ಅಲ್ವೋ?" ಎಂದು ನಾನು ಅವರನ್ನು ಕೇಳಿದೆ. ಅವರು ತಮ್ಮ ಕುರ್ಚಿಯನ್ನು ಒಂದು ಗೇಣು ಬಲಕ್ಕೆ ಸರಿಸಿ ನನಗೆ ಮೊಣಕೈ ಇಡಲು ಜಾಗ ಮಾಡಿಕೊಟ್ಟರು.

ಹತ್ತೂ ಹತ್ತಕ್ಕೆ ಲೈಲ್ ಶೆರೀಫ್ ಕಚೇರಿಗೆ ಫೋನ್ ಮಾಡಿದರು. ಅದು ಮೂವತ್ತೆಂಟು ಮೈಲಿ ದೂರ. ಇತ್ತ ಮಿಸ್ ಲಿಂಡ್ಲೆ ರಾಜಧಾನಿಯ ಕಾನೂನು ವಿಭಾಗಕ್ಕೆ ಫೋನ್ ಮಾಡಿ, ಭುಜ ತಟ್ಟಿಕೊಂಡರೆ ಕೇಳಿದ ಹಾಗಾಗುತ್ತದೆಯೇ ಎಂದು ವಿಚಾರಿಸಿದರು. ಅತ್ತಲಿಂದ ಯಾರ ಭುಜ ಎಂದು ಕೇಳಿದರಂತೆ. ಯೋಚಿಸಿ ಮತ್ತೆ ಫೋನ್ ಮಾಡುತ್ತೇವೆ ಎಂದರಂತೆ. ಅಲ್ಲಿಯವರೆಗೆ ಪ್ರಶ್ನೆ ನಿಲ್ಲಿಸುತ್ತೇನೆ, ಯಾರೂ ಕೋಣೆ ಬಿಟ್ಟು ಹೋಗಬೇಡಿ, ಮುಖ್ಯವಾಗಿ ಮಿಸ್ಟರ್ ಟೊಲೊನೆನ್ ಹೋಗುವಂತಿಲ್ಲ ಎಂದು ಮಿಸ್ ಲಿಂಡ್ಲೆ ಹೇಳಿದರು. ನಾಲ್ವರೂ ಕಾಯುತ್ತ ಕುಳಿತೆವು. ಮಿಸ್ ಲಿಂಡ್ಲೆ ಒಂದೆರಡು ಸಲ ತಮ್ಮ ಭುಜವನ್ನು ತಾವೇ ಮೆಲ್ಲಗೆ ತಟ್ಟಿ ನೋಡಿಕೊಂಡದ್ದನ್ನು ನಾನು ಗಮನಿಸಿದೆ.

ಹತ್ತೂವರೆಗೆ ನೀರಿನ ಹಾರ್ನ್ ಕೂಗಿತು.

ಅದರ ಅರ್ಥ ಇದು: ಹೊಳೆಯಿಂದ ನಮಗೆ ನೀರು ಬರುವ ಬಾಯಿಗೆ ಏನೋ ಕಟ್ಟಿಕೊಂಡಿದೆ, ಮರಿಗಳ ತೊಟ್ಟಿಗೆ ನೀರು ಬರುವುದು ನಿಂತಿದೆ. ಕೆಲವೇ ನಿಮಿಷಗಳಲ್ಲಿ ಮರಿಗಳು ಉಸಿರುಗಟ್ಟಿ ಬೆಳ್ಳಗೆ ಮೇಲೇಳುತ್ತವೆ. ಹಾರ್ನ್ ಕೂಗಿದರೆ ಊಟದಲ್ಲಿರಲಿ, ಕಕ್ಕಸಿನಲ್ಲಿರಲಿ, ಓಡಬೇಕು. ಲೈಲ್ ಓಡಿದರು. ನಾನು ಓಡಿದೆ. ಆರ್ವಿಡ್ ಎದ್ದು ನಿಂತು ಮಿಸ್ ಲಿಂಡ್ಲೆಯವರನ್ನು ನೋಡಿದರು. ಅವರು ಹೋಗಬೇಡಿ ಎಂದರೋ ಹೋಗಿ ಎಂದರೋ ಹಾರ್ನಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಆರ್ವಿಡ್ ಕೂಡ ಕಾದು ಕೇಳಿಸಿಕೊಳ್ಳಲಿಲ್ಲ.

ನೀರಿನ ಬಾಯಿಯ ಕಬ್ಬಿಣದ ಜಾಲರಿಗೆ ಆಲ್ಡರ್ ಮರದ ಎಲೆಗಳು ಗೋಡೆಯಂತೆ ಮೆತ್ತಿಕೊಂಡಿದ್ದವು. ಜಾಲರಿಯನ್ನು ಮೇಲಕ್ಕೆತ್ತಿದರೆ ಮಾತ್ರ ಎಲೆ ಎಳೆದುಹಾಕಬಹುದು. ಮೊದಲು ತಲುಪಿದ ಲೈಲ್, ಕೋಟು ಸಮೇತ ಸೊಂಟದವರೆಗೆ ನೀರಿಗಿಳಿದು ಜಾಲರಿಯ ಹಿಡಿಕೆಗೆ ಎರಡೂ ಕೈ ಹಾಕಿ ಎಳೆಯುತ್ತಿದ್ದರು. ಅದು ಅಲುಗಲಿಲ್ಲ. ಅವರು ಹಿಂದೆ ತಿರುಗಿ ನೋಡಿದರು. ನಾನು ಎಲೆ ಎಳೆಯುವ ಕುಂಟೆ ತರಲು ಎಡಗಡೆಯ ಕಟ್ಟೆಗೆ ಹೋಗಿದ್ದೆ. ಅವರ ಹಿಂದೆ ದಡದ ಮೇಲೆ ಇದ್ದವರು ಆರ್ವಿಡ್ ಒಬ್ಬರೇ. ಲೈಲ್ ಹಿಡಿಕೆಯಿಂದ ಬಲಗೈ ಬಿಟ್ಟು ಎಡಭುಜವನ್ನು ಎರಡು ಸಲ ತಟ್ಟಿಕೊಂಡರು.

ಆರ್ವಿಡ್ ನೀರಿಗಿಳಿದು ಅವರ ಎಡಕ್ಕೆ ನಿಂತರು. ಇಬ್ಬರೂ ಎತ್ತಿದರು. ಜಾಲರಿ ಬಂತು. ನಾನು ಎಲೆ ಎಳೆದೆ. ನೀರು ಹರಿಯಿತು, ಹಾರ್ನ್ ನಿಂತಿತು. ತೊಟ್ಟಿಗಳಿಗೆ ಹೋಗಿ ನೋಡಿದಾಗ ಮರಿಗಳು ಬದುಕಿದ್ದವು.

ಮಿಸ್ ಲಿಂಡ್ಲೆಯವರು ಕಚೇರಿಯ ಶೂ ಹಾಕಿಕೊಂಡೇ ಕಾಲುಸೇತುವೆಯ ತನಕ ಬಂದಿದ್ದರು. ಅಲ್ಲಿಂದ ಜಾಲರಿಗೆ ಹನ್ನೆರಡು ಅಡಿ. ಅಡ್ಡ ಏನೂ ಇಲ್ಲ.

ಹತ್ತು ಐವತ್ತಕ್ಕೆ ಡೆಪ್ಯುಟಿ ಹ್ಯಾಡ್ಲಿಯವರ ಕಾರು ಬಂತು. ಒದ್ದೆಯಾದ ಮೂವರನ್ನೂ ಕೆಸರು ಶೂ ಹಾಕಿದ ಒಬ್ಬರನ್ನೂ ನೋಡಿ ಅವರು, "ಇಲ್ಲಿಂದ ಹೊರಗೆ ಹಾಕ್ಬೇಕಾಗಿರೋದು ಯಾರನ್ನ?" ಎಂದು ಕೇಳಿದರು. ಲೈಲ್ ಕೋಟಿನ ತೋಳು ಹಿಂಡುತ್ತಿದ್ದರು.

ಆಗ ಮಿಸ್ ಲಿಂಡ್ಲೆ, "ಒಂದು ನಿಮಿಷ ಡೆಪ್ಯುಟಿ," ಎಂದು ಲೈಲ್ ಅವರ ಹತ್ತಿರ ಹೋಗಿ, "ಮಿಸ್ಟರ್ ಬೆಕ್‌ವಿತ್, ನಿಮಗೂ ಭುಜ ತುರಿಸ್ತಿತ್ತಾ?" ಎಂದು ಕೇಳಿದರು.

ಲೈಲ್ ತೋಳು ಹಿಂಡುವುದನ್ನು ನಿಲ್ಲಿಸಿದರು. "ಇಲ್ಲ," ಎಂದರು. ಆಮೇಲೆ, "ಪಕ್ಕಕ್ಕೆ ಬಾ ಅಂತ," ಎಂದರು. ಹಾಗೆ ಹೇಳುವಾಗ ಅವರು ಆರ್ವಿಡ್ ಅವರನ್ನು ನೋಡಲಿಲ್ಲ. ಆರ್ವಿಡ್ ಟೋಪಿಯೊಳಗಿನ ನೀರನ್ನು ಚೆಲ್ಲುತ್ತಿದ್ದರು.

ಮಿಸ್ ಲಿಂಡ್ಲೆ ನಮ್ಮನ್ನು ಮತ್ತೆ ಕಚೇರಿಗೆ ಕರೆದುಕೊಂಡು ಹೋಗಿ, ಆರ್ವಿಡ್ ಅವರ ಎಡಪಕ್ಕದ ಕುರ್ಚಿಯನ್ನು ತಾವೇ ಎಳೆದು ನನಗೆ ತೋರಿಸಿದರು. ಡೆಪ್ಯುಟಿಯವರು ಬಾಗಿಲ ಬಳಿ ನಿಂತರು. ಅವರು ನಿಲ್ಲಬೇಕಾದ ಅಗತ್ಯವಿರಲಿಲ್ಲ. ಮುಂದೇನಾಗುತ್ತದೋ ನೋಡೋಣ ಎಂದು ನಿಂತೆ ಎಂದು ಅವರೇ ಹೇಳಿರುತ್ತಾರೆ.

ಪ್ರಶ್ನೆ ಮೊದಲಿನಿಂದ ಶುರುವಾಯಿತು. ಕೊಳದಿಂದ ಮೀನು ತೆಗೆದುಕೊಂಡು ಹೋದಿರಾ ಎಂದು ಮಿಸ್ ಲಿಂಡ್ಲೆ ಕೇಳಿದರು. ಆರ್ವಿಡ್ ಬೆಳಿಗ್ಗೆಯಂತೆಯೇ ಹೌದು ಎನ್ನಲು ಬಾಯಿ ತೆರೆದರು.

ಪ್ರಶ್ನೆ ಅಸ್ಪಷ್ಟವಾಗಿದ್ದರೆ ಸ್ಪಷ್ಟಪಡಿಸಿ ಎಂದು ಕೇಳುವ ಅಧಿಕಾರ ಪ್ರತಿನಿಧಿಗಿದೆ. ನಾನು, "ಯಾವ ಮೀನು ಅಂತ ಹೇಳ್ಬೇಕು. ಬೆನ್ನಿನ ಸಣ್ಣ ಈಜುರೆಕ್ಕೆ ಕತ್ತರಿಸಿದ್ದೋ, ಇದ್ದದ್ದೋ?" ಎಂದೆ.

"ಅದ್ರಿಂದ ಏನಾಗುತ್ತೆ?" ಎಂದು ಮಿಸ್ ಲಿಂಡ್ಲೆ ಮುಂದಕ್ಕೆ ಬಾಗಿದರು.

ರೆಕ್ಕೆ ಕತ್ತರಿಸಿದ್ದಾದರೆ ಅದು ನಮ್ಮಲ್ಲಿ ಹುಟ್ಟಿದ ಮೀನು, ಕೊಳದಲ್ಲೇ ಇರಬೇಕು. ರೆಕ್ಕೆ ಇದ್ದದ್ದಾದರೆ ಹೊಳೆಯಲ್ಲಿ ತಾನಾಗಿ ಹುಟ್ಟಿದ ಕಾಡುಮೀನು. ಅದು ನಮ್ಮ ಕೊಳಕ್ಕೆ ಬಿದ್ದರೆ ಅಡ್ಡಗಟ್ಟೆ ದಾಟಿಸಿ ಮೇಲಿನ ಹೊಳೆಗೆ ಬಿಡಲೇಬೇಕು, ಅದು ಇಲಾಖೆಯ ನಿಯಮವೇ ಎಂದು ತಿಳಿಸಿದೆ. ಹೇಳುತ್ತಿರುವಾಗಲೇ ನನಗೂ ವಿಡಿಯೊದ ಕಥೆ ಪೂರ್ತಿ ತಿಳಿಯಿತು. ಎರಡು ವಾರ ಯೋಚಿಸಿದರೂ ಹೊಳೆಯದೆ ಇದ್ದದ್ದಕ್ಕೆ ನನ್ನ ಮೇಲೇ ನನಗೆ ಸಿಟ್ಟು ಬಂತು.

"ಯಾವುದದು, ಮಿಸ್ಟರ್ ಟೊಲೊನೆನ್?"

"ಇದ್ದದ್ದು. ಎಲ್ಲಾ ಇದ್ದದ್ದೇ," ಎಂದರು ಆರ್ವಿಡ್.

"ದಾಟಿಸೋದಕ್ಕೆ ತೊಟ್ಟಿ ಲಾರಿ ಇದೆಯಲ್ಲ. ಲಾರಿಯಲ್ಲೇ ದಾಟಿಸ್ತಿದ್ದೀವಿ ಅಂತ ಇಲ್ಲಿಂದ ನಮಗೆ ಪ್ರತಿ ವಾರ ವರದಿ ಬರ್ತಾ ಇದೆ."

ಆರ್ವಿಡ್ ಮತ್ತೆ ಅಂಗೈಗಳನ್ನು ನೋಡಿಕೊಂಡರು. ಲಾರಿ ಆಗಸ್ಟ್‌ನಿಂದ ಷೆಡ್ಡಿನ ಹಿಂದೆ ನಿಂತಿದೆ. ಅದರ ಚಕ್ರದಡಿಯಲ್ಲಿ ಮುಳ್ಳುಹಣ್ಣಿನ ಬಳ್ಳಿ ಹಬ್ಬಿದೆ. ಇದು ಕೇಂದ್ರದ ಎಲ್ಲರಿಗೂ ಗೊತ್ತು. ವರದಿ ಬರೆಯುವವರು ಯಾರು ಎಂಬುದೂ ಗೊತ್ತು. ಆರ್ವಿಡ್ ಬೆಳಿಗ್ಗೆಯಿಂದ ಹೌದು ಹೌದು ಎಂದು ತಲೆಯಾಡಿಸಿದ್ದು ಯಾಕೆ ಎಂದು ನನಗೆ ಆಗ ಅರ್ಥವಾಯಿತು. ಲಾರಿಯ ವಿಷಯ ನಾನು ಹೇಳಬಹುದಿತ್ತು. ಆರ್ವಿಡ್ ಮೊಣಕೈಯಿಂದ ನನ್ನ ಮೊಣಕೈಯನ್ನು ಮೆಲ್ಲಗೆ ಒತ್ತಿದರು. ಸುಮ್ಮನಿದ್ದೆ.

ಹೇಳಿದವರು ಲೈಲ್. "ಲಾರಿ ಕೆಟ್ಟು ನಿಂತಿದೆ. ರಿಪೇರಿಗೆ ಬರೆದ್ರೆ, ಕೆಟ್ಟಿದ್ದು ಯಾಕೆ, ಆಯಿಲ್ ಯಾಕೆ ನೋಡ್ಲಿಲ್ಲ ಅಂತ ಕೇಳ್ತಾರೆ. ನಾನು ನೋಡಿರ್ಲಿಲ್ಲ. ಇವತ್ತು ಬರೀತೀನಿ, ನಾಳೆ ಬರೀತೀನಿ ಅಂತ ಬಿಟ್ಟೆ," ಎಂದರು. ಆಮೇಲೆ, "ನೀನು ಹೊತ್ಕೊಂಡು ಹೋಗ್ತಿರೋದು ನನಗೆ ಗೊತ್ತಿತ್ತು ಆರ್ವಿ," ಎಂದರು.

"ಗೊತ್ತಿತ್ತು ಅಂತ ಗೊತ್ತಿತ್ತು," ಎಂದರು ಆರ್ವಿಡ್. "ಒಂದ್ಸಲನಾದ್ರೂ ಬಂದು ಇನ್ನೊಂದು ತುದಿ ಹಿಡೀತೀಯ ಅಂದ್ಕೊಂಡಿದ್ದೆ. ಇಪ್ಪತ್ತೈದು ಪೌಂಡಿನ ಮೀನು ಕಣೋ ಅವು."

ಮಿಸ್ ಲಿಂಡ್ಲೆ ಸಹಿಗಾಗಿ ಇಟ್ಟಿದ್ದ ಹಾಳೆಯನ್ನು ವಾಪಸು ತೆಗೆದುಕೊಂಡು ಅಡ್ಡಗೆರೆ ಎಳೆದರು. ಕಳವಿನ ಆರೋಪ ಉಳಿಯುವುದಿಲ್ಲ, ಅನುಮತಿ ಇಲ್ಲದೆ ಒಬ್ಬರೇ ಮೀನು ಹೊರಬಾರದು ಎಂದು ಬರೆಯುತ್ತೇನೆ ಎಂದು ಆರ್ವಿಡ್ ಅವರಿಗೆ ತಿಳಿಸಿದರು. ಇಬ್ಬರು ಹೊತ್ತರೆ ಆಗಬಹುದೇ ಎಂದು ಆರ್ವಿಡ್ ಕೇಳಿದರು. ಮಿಸ್ ಲಿಂಡ್ಲೆ ನಮ್ಮಿಬ್ಬರನ್ನು ಹೊರಗೆ ಕಳಿಸಿ, ಮಿಸ್ಟರ್ ಬೆಕ್‌ವಿತ್ ಕುಳಿತಿರಲಿ, ಸುಳ್ಳು ವರದಿಗಳ ಬಗ್ಗೆ ಅವರನ್ನು ಕೇಳುವುದಿದೆ ಎಂದು ಬಾಗಿಲು ಹಾಕಿಸಿದರು. ಡೆಪ್ಯುಟಿಯವರೂ ಹೊರಗೆ ಬಂದರು.

ನನ್ನ ಮೇಲಿನ ದೂರನ್ನು ಹಿಂದಕ್ಕೆ ಪಡೆಯುವುದಾಗಿ ಲೈಲ್ ಬಾಗಿಲು ಹಾಕುವ ಮುಂಚೆ ಹೇಳಿರುತ್ತಾರೆ. ಆದರೂ ಬಂದ ಕರೆಗೆ ಒಂದು ಹೇಳಿಕೆ ಇರಬೇಕೆಂದು ಡೆಪ್ಯುಟಿಯವರು ಕೇಳಿದ್ದರಿಂದ ಊಟದ ಕೋಣೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಲೈಲ್ ಅವರ ಮೇಲೆ ನಾನು ಪ್ರತಿದೂರು ಕೊಡುತ್ತೇನೆಯೇ ಎಂದು ಅವರು ಕೇಳಿದರು. ಬೆಳಿಗ್ಗೆ ಕೇಳಿದ್ದರೆ ಹೌದು ಎನ್ನುತ್ತಿದ್ದೆ. ಈಗ ಇಲ್ಲ.

ಮ್ಯಾನೇಜರ್ ಹುದ್ದೆಯವರು ಸಂಘದ ಸದಸ್ಯರಾಗುವಂತಿಲ್ಲ. ಪ್ರತಿನಿಧಿಯನ್ನು ಕೇಳುವ ಹಕ್ಕು ಅವರಿಗಿಲ್ಲ. ಒಳತನಿಖೆಗೆ ಅವರು ಒಬ್ಬರೇ ಕೂರಬೇಕು. ಇದು ಸರಿಯೇ ತಪ್ಪೇ ಎಂದು ನನ್ನ ಬಳಿ ಇರುವ ಯಾವ ಕರಪತ್ರವೂ ಹೇಳುವುದಿಲ್ಲ. ಹೇಳುವ ಕರಪತ್ರ ಸಿಕ್ಕರೆ ಓದಬೇಕೆಂದಿದ್ದೇನೆ.

ನಾನಿರುವ ಜಾಗದಿಂದ ಷೆಡ್ಡು ಕಾಣುತ್ತದೆ. ಕಚೇರಿಯ ಗಾಜಿನ ಕಿಟಕಿಯ ಮುಂದೆ, ಬೆಳಿಗ್ಗೆ ನಾನು ನಿಂತಿದ್ದಲ್ಲೇ, ಆರ್ವಿಡ್ ಟೊಲೊನೆನ್ ಒದ್ದೆ ಬಟ್ಟೆಯಲ್ಲೇ ನಿಂತಿದ್ದಾರೆ. ಅವರ ಕೈಯಲ್ಲಿ ನಾನು ಬಿಟ್ಟುಹೋದ ಬಕೆಟ್ ಇದೆ. ಬರೆಯುವ ನಡುವೆ ಎದ್ದು ಹೋಗಿ, ಪಂಪುಗಳ ಸದ್ದಿನಲ್ಲಿ ಅವರ ಕಿವಿಗೆ ಬಾಯಿಟ್ಟು, ಇಲ್ಲೇನು ಮಾಡುತ್ತಿದ್ದೀರಿ, ಮನೆಗೆ ಹೋಗಿ ಬಟ್ಟೆ ಬದಲಾಯಿಸಿ ಎಂದೆ.

"ಬಕೆಟ್ ತೊಳೀತಿದ್ದೀನಿ," ಎಂದು ನನ್ನ ಕಿವಿಗೆ ಕೂಗಿದರು. ಅವರ ಕಣ್ಣು ಬಕೆಟ್ಟಿನ ಮೇಲಿರಲಿಲ್ಲ, ಗಾಜಿನಾಚೆ ಲೈಲ್ ಅವರ ಕೈಗಳ ಮೇಲಿತ್ತು.

ಇದು ದೂರಿಗೆ ಸಂಬಂಧಿಸಿದ್ದಲ್ಲ, ಬಿಟ್ಟುಬಿಡಬಹುದು ಎಂದು ಡೆಪ್ಯುಟಿಯವರು ಹೇಳಿದರು. ಕಂಡದ್ದನ್ನೆಲ್ಲ ಬರೆ ಎಂದದ್ದೂ ಅವರೇ ಆದ್ದರಿಂದ ಬರೆದಿದ್ದೇನೆ.

ಮೇಲೆ ಬರೆದುದರಲ್ಲಿ ನಾನು ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದಂತೆ ಹೇಳಿದ್ದೇನೆ; ಗೊತ್ತಿಲ್ಲದ್ದನ್ನು ಸೇರಿಸಿಲ್ಲ. ಓದಿ ನೋಡಿ ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಮೀನುಮರಿ ಕೇಂದ್ರದ ಊಟದ ಕೋಣೆ, ಆಲ್ಡರ್ ಫೋರ್ಕ್
ದಿನಾಂಕ: ಅಕ್ಟೋಬರ್ 24, ಗುರುವಾರ
ಸಹಿ: ರೋವಿನಾ ಸ್ಟ್ರಾಂಡ್
ನನ್ನ ಸಮಕ್ಷಮ: ಡೆಪ್ಯುಟಿ ಹ್ಯಾಡ್ಲಿ